ಮಕ್ಕಳ ವಸಡು ಮತ್ತು ಮನೆಯ ಸ್ಥಿತಿಗತಿ: ಮುಂಬಯಿಯಲ್ಲಿ ನನ್ನ ಅನುಭವ

ಮುಂಬಯಿ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದುವ ಅನೇಕ ಮಕ್ಕಳ ತಂದೆತಾಯಂದಿರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದವರು. ದಂತವೈದ್ಯೆಯಾದ ನಾನು ಧಾರಾವಿ ಸಮೀಪದ ಅಂಥದೊಂದು ಶಾಲೆಯಲ್ಲಿಯೂ ಉಪನಗರದ ಖಾಸಗಿ ಶಾಲೆಯೊಂದರಲ್ಲಿಯೂ ಹನ್ನೆರಡರ ಆಸುಪಾಸಿನ ಮಕ್ಕಳ ವಸಡನ್ನು ಪರೀಕ್ಷಿಸಿ, ಮನೆಯ ಸ್ಥಿತಿಗತಿಯೊಂದಿಗೆ ಹೋಲಿಸಿ ನೋಡಿದೆ.

ಅಳತೆಗೆ ದಂತವಿಜ್ಞಾನಿಗಳಾದ ಲೋ ಮತ್ತು ಸಿಲ್ನೆಸ್ 1963ರಲ್ಲಿ ರೂಪಿಸಿದ ಸೂಚ್ಯಂಕವನ್ನು ಬಳಸಿದೆ. ಅದರಲ್ಲಿ ವಸಡಿಗೆ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಪ್ರೋಬ್ ಎಂಬ ತೆಳುವಾದ ಕಡ್ಡಿಯಂಥ ಉಪಕರಣ ತಾಗಿದಾಗ ರಕ್ತ ಜಿನುಗಿದರೆ 2, ತಾನಾಗಿಯೇ ಒಸರುವಂತಿದ್ದರೆ 3. ಹೊಸ ಹಲ್ಲು ಮೂಡುವ ವಯಸ್ಸಿನಲ್ಲಿ ವಸಡು ಊದಿಕೊಂಡು ಇಲ್ಲದ ಆಳ ಇದ್ದಂತೆ ತೋರುವುದರಿಂದ, ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯನ್ನೇ ಅನುಸರಿಸಿ, ಹಲ್ಲು ಮತ್ತು ವಸಡಿನ ನಡುವೆ ಆಳವಾಗುವ ಸಂದಿಗಳಾದ ಪಾಕೆಟ್‌ಗಳನ್ನು ಅಳೆಯಲಿಲ್ಲ.

ಕಷ್ಟವಿದ್ದದ್ದು ಮನೆಯ ಸ್ಥಿತಿಯನ್ನು ಅಳೆಯುವುದರಲ್ಲಿ. 1976ರ ಕುಪ್ಪುಸ್ವಾಮಿ ಮಾಪಕವು ಮನೆಯ ಯಜಮಾನನ ಶಿಕ್ಷಣ, ಉದ್ಯೋಗ ಮತ್ತು ಕುಟುಂಬದ ಮಾಸಿಕ ಆದಾಯಕ್ಕೆ ಒಟ್ಟು 3ರಿಂದ 29ರವರೆಗೆ ಅಂಕ ನೀಡುತ್ತದೆ. ಆದಾಯದ ಮಟ್ಟಗಳನ್ನು ಬೆಲೆಯೇರಿಕೆಗೆ ತಕ್ಕಂತೆ ಪರಿಷ್ಕರಿಸಿ ಬಳಸಬೇಕು. ತಿಂಗಳ ಆದಾಯವನ್ನು ಮಗು ಹೇಳಲಾರದು, ದಿನಗೂಲಿಯ ತಂದೆಗೂ ಅದು ನಿಶ್ಚಿತವಾಗಿ ತಿಳಿದಿರುವುದಿಲ್ಲ. ಆದ್ದರಿಂದ ಪಾಲಕರ ಸಭೆಯ ದಿನ, ಹೋದ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು, ದಿನಕ್ಕೆ ಎಷ್ಟು ಕೂಲಿ ಎಂದು ಕೇಳಿಸಿ ಲೆಕ್ಕ ಹಾಕಿದೆವು. ನನ್ನ ಕಣ್ಣಿಗೆ ಪೂರ್ವಗ್ರಹ ಅಂಟಬಾರದೆಂದು, ತಪಾಸಣೆ ಮುಗಿಯುವವರೆಗೆ ಆ ಹಾಳೆಗಳನ್ನು ಸಹೋದ್ಯೋಗಿಯೊಬ್ಬರು ಇಟ್ಟುಕೊಂಡಿದ್ದರು. ಸಮವಸ್ತ್ರವೇ ಶಾಲೆಯನ್ನು ಹೇಳಿಬಿಡುವುದರಿಂದ, ಎರಡು ಶಾಲೆಗಳ ನಡುವಿನ ಹೋಲಿಕೆಗಿಂತ ಒಂದೇ ಶಾಲೆಯೊಳಗಿನ ಹೋಲಿಕೆಯನ್ನು ನಾನು ಹೆಚ್ಚು ನಂಬುತ್ತೇನೆ.

ಕೆಳಸ್ತರದ ಮನೆಗಳ ಮಕ್ಕಳಲ್ಲಿ ರಕ್ತಸ್ರಾವ ಹೆಚ್ಚಾಗಿತ್ತು. ಆದರೆ ಒಂದೇ ಆದಾಯದ ಮನೆಗಳಲ್ಲಿಯೂ ತಾಯಿ ಶಾಲೆಗೆ ಹೋಗಿದ್ದರೆ ಮಗುವಿನ ವಸಡು ಎಷ್ಟೋ ಆರೋಗ್ಯವಾಗಿತ್ತು. ಮಾಪಕವು ಯಜಮಾನನ ಓದನ್ನಷ್ಟೇ ಎಣಿಸುವುದರಿಂದ ತಾಯಿಯ ಓದನ್ನು ನಾವು ಪ್ರತ್ಯೇಕವಾಗಿ ಕೇಳಿದ್ದೆವು. ಈ ಕೆಲಸ ಮಾಡುವವರೆಲ್ಲರೂ ಹಾಗೆ ಕೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬ್ರಷ್ಷು, ಪೇಸ್ಟು ಬಹುತೇಕ ಮನೆಗಳಲ್ಲಿ ಇದ್ದವು. ಇಲ್ಲದಿದ್ದುದು ನಿಂತು ಹಲ್ಲುಜ್ಜುವ ಜಾಗ, ನಲ್ಲಿ ಬರುವ ಆ ಅವಸರದ ಹೊತ್ತಿನಲ್ಲಿ ಮಗುವಿನ ಕಡೆ ನೋಡಲು ಹಿರಿಯರಿಗೆ ಬಿಡುವು. ಅಜ್ಜಿ ಮಿಶ್ರಿ ಉಜ್ಜುವ ಮನೆಗಳಲ್ಲಿ ಮಕ್ಕಳೂ ಆ ಹೊಗೆಸೊಪ್ಪಿನ ಪುಡಿಗೆ ಬೆರಳು ಹಾಕುತ್ತಿದ್ದರು. ಅತ್ತ ಅನುಕೂಲಸ್ಥರ ಮಕ್ಕಳಲ್ಲಿ, ಹಲ್ಲಿಗೆ ತಂತಿ ಹಾಕಿಸಿಕೊಂಡವರ ವಸಡು ಕೆಂಪೇರಿತ್ತು.

ಹಲ್ಲುಜ್ಜುವುದನ್ನು ನಿಲ್ಲಿಸಿದರೆ ಸುಮಾರು ಮೂರು ವಾರದೊಳಗೆ ವಸಡು ಉರಿಯೂತಕ್ಕೆ ತುತ್ತಾಗುತ್ತದೆ, ಮತ್ತೆ ಶುಚಿಗೊಳಿಸಿದರೆ ವಾರದ ಆಸುಪಾಸಿನಲ್ಲಿ ಚೇತರಿಸುತ್ತದೆ ಎಂಬುದನ್ನು ಲೋ ಮತ್ತು ಸಂಗಡಿಗರು 1965ರಲ್ಲಿಯೇ ತೋರಿಸಿದ್ದಾರೆ. ಆ ಭರವಸೆಯಿಂದ, ಮಧ್ಯಾಹ್ನದ ಊಟವಾದ ಮೇಲೆ ಶಿಕ್ಷಕಿಯರ ಎದುರಿನಲ್ಲಿಯೇ ಮಕ್ಕಳು ಹಲ್ಲುಜ್ಜುವ ಏರ್ಪಾಡು ಮಾಡಿದೆವು. ಹಲ್ಲಿನ ಮೇಲೆ ಬರಿಯ ಮೆತ್ತನೆಯ ಪಾಚಿಯಿದ್ದವರಲ್ಲಿ ರಕ್ತ ಬರುವುದು ಕಡಿಮೆಯಾಯಿತು. ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿದ್ದವರಿಗೆ ಬ್ರಷ್ಷು ಸಾಲದು, ಅದನ್ನು ಉಪಕರಣದಿಂದ ಕೆರೆದು ತೆಗೆಯುವ ಸ್ಕೇಲಿಂಗ್ ಬೇಕು. ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೆ ತಂದೆಯ ಒಂದು ದಿನದ ಕೂಲಿ ಹೋಗುತ್ತಿತ್ತು. ಆದ್ದರಿಂದ ಪಾಲಕರ ಒಪ್ಪಿಗೆ ಪಡೆದು, ಆ ಮಕ್ಕಳನ್ನು ಶಿಕ್ಷಕಿಯೊಬ್ಬರ ಜೊತೆಯಲ್ಲಿ ಒಟ್ಟಾಗಿ ಕರೆದೊಯ್ಯುವ ಕ್ರಮವನ್ನು ರೂಢಿಸಿಕೊಂಡೆವು.