ಒಂದು ದಿನದ ಬೆಟ್ಟದ ನಡಿಗೆಗೆ ಬೆನ್ನುಚೀಲವನ್ನು ಆರಿಸುವ ಬಗೆ

ಚೀಲದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಕುಳಿತು ನೀರಿನ ಲೆಕ್ಕ ಹಾಕಬೇಕು. ಕಲಬುರಗಿ, ಯಾದಗಿರಿ ಕಡೆಯ ಬೆಟ್ಟಗಳು ಬಹುಪಾಲು ಬರಿ ಬಂಡೆ ಮತ್ತು ಕುರುಚಲು ಪೊದೆಗಳವು. ದಾರಿಯಲ್ಲಿ ಹಳ್ಳ ಸಿಕ್ಕೀತು, ನೆರಳು ಸಿಕ್ಕೀತು ಎಂದು ನಂಬಿ ಹೊರಡುವಂತಿಲ್ಲ. ಚಳಿಗಾಲದಲ್ಲಿ ನಾಲ್ಕೈದು ತಾಸಿನ ನಡಿಗೆಗೆ ಒಬ್ಬರಿಗೆ ಎರಡು ಲೀಟರ್ ಸಾಕಾಗಬಹುದು, ಆದರೆ ಫೆಬ್ರವರಿ ದಾಟಿದ ಮೇಲೆ ಮೂರು ಲೀಟರಿಗಿಂತ ಕಡಿಮೆ ಒಯ್ಯುವುದನ್ನು ನಾನು ಒಪ್ಪುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ಮೀರುವ ಸೀಮೆಯಲ್ಲಿ ಬೆಟ್ಟ ಹತ್ತುವುದನ್ನೇ ಬಿಡುವುದು ಲೇಸು.

ಒಂದು ಲೀಟರ್ ನೀರೆಂದರೆ ಒಂದು ಕಿಲೋ ತೂಕ. ಮೂರು ಲೀಟರ್ ನೀರು, ಬುತ್ತಿ, ಮಳೆಯಂಗಿ, ಟಾರ್ಚು, ಔಷಧದ ಸಣ್ಣ ಪೊಟ್ಟಣ ಎಲ್ಲ ಸೇರಿದರೆ ಹೊರೆ ಐದು ಕಿಲೋ ಮುಟ್ಟುತ್ತದೆ; ಇದಿಷ್ಟಕ್ಕೆ 20ರಿಂದ 22 ಲೀಟರ್ ಗಾತ್ರದ ಚೀಲ ಸರಿಹೋಗುತ್ತದೆ. 15 ಲೀಟರಿನದು ಚಳಿಗಾಲದ ಬೆಳಗಿನ ನಡಿಗೆಗಷ್ಟೇ ಸಾಕು. 30 ಲೀಟರಿನದನ್ನು ಕೊಂಡರೆ ಖಾಲಿ ಜಾಗ ಕಣ್ಣಿಗೆ ಬಿದ್ದು ಬೇಡದ್ದನ್ನೆಲ್ಲ ತುಂಬುತ್ತೇವೆ, ತುಂಬದಿದ್ದರೆ ಒಳಗಿನ ಸಾಮಾನು ಇಳಿಜಾರಿನಲ್ಲಿ ಅತ್ತಿತ್ತ ಓಲಾಡಿ ನಡಿಗೆಯ ತೋಲವನ್ನೇ ಕೆಡಿಸುತ್ತದೆ. ಚೀಟಿಯ ಮೇಲಿನ ಲೀಟರ್ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಕೆಲವು ತಯಾರಕರು ಹೊರಗಿನ ಜೇಬುಗಳನ್ನೂ ಸೇರಿಸಿ ಎಣಿಸುತ್ತಾರೆ, ಕೆಲವರು ಎಣಿಸುವುದಿಲ್ಲ.

ಗಾತ್ರಕ್ಕಿಂತಲೂ ಮುಖ್ಯವಾದದ್ದು ಬೆನ್ನಿನ ಉದ್ದ, ಮತ್ತು ಹೆಚ್ಚಿನವರು ಅಳೆಯದೆ ಬಿಡುವುದೂ ಅದನ್ನೇ. ತಲೆಯನ್ನು ಮುಂದಕ್ಕೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ನಿಲ್ಲುವ ಎಲುಬೊಂದು ಕೈಗೆ ಸಿಗುತ್ತದೆ. ಎರಡೂ ಕೈಗಳನ್ನು ಸೊಂಟದ ಎಲುಬಿನ ಮೇಲಂಚಿಗೆ ಇಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ ಅವೆರಡರ ನಡುವಿನ ಗೆರೆ ಬೆನ್ನೆಲುಬನ್ನು ಒಂದು ಕಡೆ ಮುಟ್ಟುತ್ತದೆ. ಈ ಎರಡು ಗುರುತುಗಳ ನಡುವಿನ ಅಂತರವನ್ನು, ಬಟ್ಟೆ ಹೊಲಿಯುವವರ ಟೇಪಿನಿಂದ ಬೆನ್ನಿನ ಬಾಗನ್ನೇ ಅನುಸರಿಸಿ, ಮನೆಯವರೊಬ್ಬರಿಂದ ಅಳೆಸಿಕೊಳ್ಳಿ. ಸಣ್ಣ ಚೀಲಗಳು ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ ಬರುತ್ತವೆ. ಹಾಗಾಗಿ ಅದೇ ಟೇಪನ್ನು ಅಂಗಡಿಗೂ ಒಯ್ದು, ಹೆಗಲಪಟ್ಟಿ ಹೊಲಿದಿರುವ ಜಾಗದಿಂದ ಸೊಂಟಪಟ್ಟಿಯವರೆಗೆ ಚೀಲವನ್ನು ಅಳೆದು ನೋಡಿ. ಚೀಲ ಉದ್ದವಾದರೆ ಅದರ ತಳ ಪೃಷ್ಠಕ್ಕೆ ಬಡಿಯುತ್ತದೆ, ಗಿಡ್ಡವಾದರೆ ಸೊಂಟಪಟ್ಟಿ ಹೊಟ್ಟೆಯ ಮೇಲೆ ಬಂದು ಉಸಿರಿಗೆ ಅಡ್ಡಿಯಾಗುತ್ತದೆ.

ಸಣ್ಣ ಚೀಲಗಳಲ್ಲಿ ಬರುವ ತೆಳು ಸೊಂಟಪಟ್ಟಿ ತೂಕವನ್ನು ಹೊರುವುದಿಲ್ಲ, ಚೀಲ ಅಲುಗದಂತೆ ಹಿಡಿಯುತ್ತದೆ ಅಷ್ಟೆ. ಆದ್ದರಿಂದ ಐದು ಕಿಲೋ ಹೊರೆಯ ಬಹುಪಾಲು ಹೆಗಲಿನ ಮೇಲೆಯೇ ಬೀಳುತ್ತದೆ. ಹೆಗಲಪಟ್ಟಿ ಅಗಲವಾಗಿರಬೇಕು, ಬೆರಳಿನಿಂದ ಒತ್ತಿದಾಗ ಒಳಗಿನ ಮೆತ್ತೆ ಪೂರ್ತಿ ಕುಸಿಯದೆ ಮೇಲೇಳಬೇಕು. ಮೇಲೆ ಕೆಳಗೆ ಸರಿಸಬಹುದಾದ ಎದೆಪಟ್ಟಿ ಇರಲೇಬೇಕು, ವಿಶೇಷವಾಗಿ ಹೆಣ್ಣುಮಕ್ಕಳಿಗೆ. ಕಾಲೇಜಿಗೋ ಕಚೇರಿಗೋ ಒಯ್ಯುವ ಬ್ಯಾಗನ್ನೇ ಬೆಟ್ಟಕ್ಕೂ ಹೊರುವವರು ಮಧ್ಯಾಹ್ನದ ಹೊತ್ತಿಗೆ ಪಟ್ಟಿಯ ಕೆಳಗೆ ಹೆಬ್ಬೆರಳು ತೂರಿಸಿಕೊಂಡು ನಡೆಯುವುದನ್ನು ನೀವೂ ನೋಡಿರಬಹುದು.

ಬೆನ್ನಿನ ಭಾಗದಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಬಿಗಿದ ಜಾಲರಿಯು ಚೀಲವನ್ನು ಬೆನ್ನಿನಿಂದ ದೂರ ಹಿಡಿದು ಗಾಳಿ ಆಡಲು ಬಿಡುತ್ತದೆ. ಇನ್ನೊಂದರಲ್ಲಿ ಚೀಲ ಬೆನ್ನಿಗೇ ಅಂಟಿಕೊಳ್ಳುತ್ತದೆ. ಮೊದಲನೆಯದು ಬೆವರನ್ನು ಒಣಗಿಸುತ್ತದೆಯಾದರೂ ಅದರ ಚೌಕಟ್ಟು ಬಾಗಿರುವುದರಿಂದ ಒಳಗಿನ ಜಾಗ ಕಡಿಮೆಯಾಗುತ್ತದೆ, ತೂಕವೂ ತುಸು ಹಿಂದಕ್ಕೆ ಜಗ್ಗುತ್ತದೆ. ನಮ್ಮ ಸೆಕೆಗೆ ಆ ಕೊರತೆಗಳನ್ನು ಸಹಿಸಿಕೊಂಡಾದರೂ ಜಾಲರಿಯದನ್ನೇ ಕೊಳ್ಳುವುದು ಒಳ್ಳೆಯದೆಂದು ನನ್ನ ಅನಿಸಿಕೆ.

ಆದರೆ ಬದಿಯ ಜೇಬುಗಳ ಜಾಲರಿ ಬೇರೆ ಮಾತು. ಬಳ್ಳಾರಿ ಜಾಲಿಯ ಮುಳ್ಳಿನ ನಡುವೆ ಒಂದು ಸಲ ನುಸುಳಿ ಬಂದರೆ ಎಳೆದರೆ ಹಿಗ್ಗುವ ಆ ಜೇಬು ಕಿತ್ತುಬರುತ್ತದೆ. ಗಟ್ಟಿ ಬಟ್ಟೆಯಲ್ಲೇ ಹೊಲಿದ, ಚೀಲ ಇಳಿಸದೆ ಬಾಟಲಿ ಕೈಗೆ ಸಿಗುವಂತಹ ಆಳವಾದ ಜೇಬು ಬೇಕು. ಬಟ್ಟೆಯ ದಪ್ಪವನ್ನು ಡೆನಿಯರ್ ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಅದು 9,000 ಮೀಟರ್ ನೂಲಿನ ಗ್ರಾಂ ತೂಕ. 210 ಡೆನಿಯರ್ ನೈಲಾನ್ ಇಂತಹ ಚೀಲಕ್ಕೆ ಸಾಕು, ತಳದ ಬಟ್ಟೆ ಇನ್ನೂ ದಪ್ಪವಿದ್ದರೆ ಬಂಡೆಯ ಮೇಲೆ ಇಟ್ಟು ಇಟ್ಟು ಸವೆಯುವುದಿಲ್ಲ. ಬಣ್ಣ ನಿಮ್ಮ ಇಷ್ಟ.

ಮುಳ್ಳಯ್ಯನಗಿರಿಗೋ ಕುಮಾರ ಪರ್ವತಕ್ಕೋ ಹೋಗುವ ಯೋಚನೆ ಇದ್ದರೆ ಮಳೆಯ ವಿಚಾರವೂ ಸೇರುತ್ತದೆ. ನೀರು ಹಿಡಿಯದ ಬಟ್ಟೆಯೆಂದು ಬರೆದಿದ್ದರೂ ಜಿಪ್ಪಿನಿಂದಲೂ ಹೊಲಿಗೆಯ ತೂತುಗಳಿಂದಲೂ ನೀರು ಒಳಗಿಳಿಯುತ್ತದೆ. ಮಳೆಗವಸು ಹೊರಗಿನ ಮೂರು ಬದಿಯನ್ನಷ್ಟೇ ಕಾಯುವುದರಿಂದ, ಬೆನ್ನಿನ ಮೇಲೆ ಹರಿದುಬರುವ ನೀರಿಗೆ ತಡೆಯಾಗಿ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲವನ್ನು ಹಾಕಿ ಅದರಲ್ಲೇ ಸಾಮಾನು ತುಂಬಬೇಕು. ಊರಿಗೆ ಮರಳಿದ ಮೇಲೆ ಚೀಲವನ್ನು ಒದ್ದೆಯಾಗಿಯೇ ಮಡಚಿಟ್ಟರೆ ಬಟ್ಟೆಯ ಒಳಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿಸಿ ಎತ್ತಿಡಿ.

ಅಂಗಡಿಯಲ್ಲಿ ಖಾಲಿ ಚೀಲವನ್ನು ಹೆಗಲಿಗೇರಿಸಿ ಕನ್ನಡಿ ನೋಡಿಕೊಂಡರೆ ಏನೂ ತಿಳಿಯುವುದಿಲ್ಲ, ಖಾಲಿ ಇದ್ದಾಗ ಎಲ್ಲ ಚೀಲವೂ ಹಗುರವೇ. ಮೂರು ನೀರಿನ ಬಾಟಲಿಗಳನ್ನೂ ಎರಡು ಕಿಲೋ ತೊಗರಿಬೇಳೆಯ ಪೊಟ್ಟಣವನ್ನೂ ಜೊತೆಗೊಯ್ದು, ಅವನ್ನು ತುಂಬಿ, ಕಾಲು ತಾಸು ಓಡಾಡಿ, ಅಂಗಡಿಯ ಮೆಟ್ಟಿಲು ಹತ್ತಿ ಇಳಿದು ನೋಡಿ. ಮಾರುವವರು ನಕ್ಕರೆ ನಗಲಿ. ತುಂಬುವಾಗ ನೀರು ಬೆನ್ನಿಗೆ ಒತ್ತಿ, ಹೆಗಲಿನ ಎಲುಬುಗಳ ನಡುವೆ ನಿಲ್ಲಬೇಕು. ತಳದಲ್ಲಿ ಇಟ್ಟರೆ ಅದೇ ತೂಕ ಹೆಚ್ಚಾಗಿ ತೋರುತ್ತದೆ. ಖಡಕ್ ರೊಟ್ಟಿ ಒಯ್ಯುವವರು ಅದನ್ನು ಚಪ್ಪಟೆ ಡಬ್ಬಿಯಲ್ಲಿಟ್ಟು ಹೊರಬದಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ತುದಿ ಮುಟ್ಟುವ ಹೊತ್ತಿಗೆ ಶೇಂಗಾ ಹಿಂಡಿಯ ಜೊತೆ ರೊಟ್ಟಿಯ ಹಿಂಡಿಯೂ ಸಿಗುತ್ತದೆ.

ಎಷ್ಟು ದಿನದೊಳಗೆ ಹಿಂತಿರುಗಿಸಬಹುದೆಂದು ಕೇಳಿ ರಸೀದಿಯ ಮೇಲೆ ಬರೆಸಿಕೊಳ್ಳಿ. ಮನೆಗೆ ತಂದ ಮೇಲೆ ಬೆಲೆಚೀಟಿ ಕತ್ತರಿಸದೆ, ಅಷ್ಟೇ ಹೊರೆ ತುಂಬಿ, ಎರಡು ತಾಸು ಮನೆಯ ಮಾಳಿಗೆಯ ಮೆಟ್ಟಿಲುಗಳಲ್ಲಿ ಹತ್ತಿಳಿಯುತ್ತ ಬಿಡುವು ಕೊಟ್ಟು ನಡೆಯಿರಿ. ಎಲ್ಲಿಯೂ ಉಜ್ಜದಿದ್ದರೆ ಚೀಟಿ ಕಿತ್ತು, ಒಂದು ಭಾನುವಾರ ಬೆಳಗಿನ ರೈಲು ಹಿಡಿದು ಯಾದಗಿರಿಯ ಕೋಟೆ ಬೆಟ್ಟಕ್ಕೆ ಮೊದಲ ನಡಿಗೆ ಇಟ್ಟುಕೊಳ್ಳಬಹುದು.