ಮೊದಲು ಹತ್ತು ನಿಮಿಷ ಬೆಡ್ ಮೇಲೆ ಮಲಗಿ ನೋಡಿ

ದಾವಣಗೆರೆಯ ಒಂದು ಐಸಿಯುನಲ್ಲಿ ನಾನು ಸ್ಟಾಫ್ ನರ್ಸ್ ಆಗಿದ್ದಾಗಿನ ಮಾತು. ಜಗಳೂರು ಕಡೆಯ ಅಜ್ಜ ಒಬ್ಬರು ವೆಂಟಿಲೇಟರ್ ಮೇಲಿದ್ದರು. ಟ್ಯೂಬ್ ಕಿತ್ತುಕೊಳ್ಳಬಾರದು ಅಂತ ಕೈ ಕಟ್ಟಿದ್ದೆವು. ರಾತ್ರಿಯಿಡೀ ಒದ್ದಾಡಿದರು. ನಿದ್ದೆ ಔಷಧಿ ಜಾಸ್ತಿ ಮಾಡಿ ಅಂತ ಡಾಕ್ಟರಿಗೆ ಹೇಳಿದ್ದು ನಾನೇ. ಬೆಳಿಗ್ಗೆ ಸೀನಿಯರ್ ಸಿಸ್ಟರ್ ಬಂದು, ಒಂದು ಕೈ ಬಿಚ್ಚಿ, ಪೆನ್ನು ಕೊಟ್ಟರು. ಅಜ್ಜ ಸೊಟ್ಟಗೆ ಬರೆದರು: ‘ಬೆನ್ನು’. ಬೆನ್ನಡಿ ಬೆಡ್‌ಶೀಟ್ ಮುದುಡಿ ಗಂಟಾಗಿತ್ತು. ಅಷ್ಟೇ.

ಈಗ ಹೊಸ ನರ್ಸ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಪಾಠ ಶುರು ಮಾಡುವುದು ಬೆಡ್‌ನಿಂದಲೇ. ಒಬ್ಬರು ಮಲಗಬೇಕು. ಕೈ ಸಡಿಲವಾಗಿ ಕಟ್ಟುತ್ತೇವೆ, ಬಾಯಿ ತೆರೆಯುವಂತಿಲ್ಲ. ಸುತ್ತ ನಿಂತವರು ದಿನಾ ಮಾತಾಡುವ ಹಾಗೇ ಮಾತಾಡುತ್ತಾರೆ: ನೈಟ್ ಡ್ಯೂಟಿ ಯಾರದು, ಬೆಣ್ಣೆ ದೋಸೆ ಪಾರ್ಸಲ್ ಯಾರು ತರ್ತಾರೆ, ‘ಬೆಡ್ ನಾಲ್ಕು ಇವತ್ತು ಹೇಗಿದೆ’. ಹತ್ತು ನಿಮಿಷ ಆದ ಮೇಲೆ ಎದ್ದ ಹುಡುಗಿಯೊಬ್ಬಳು ಹೇಳಿದಳು, “ಮೇಡಂ, ಯಾರೂ ನನ್ನ ಹೆಸರು ಹಿಡಿದು ಕರೀಲಿಲ್ಲ.” ಆಮೇಲೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ.

ರೂಢಿ ಮಾಡಿಸುವುದು ಸಣ್ಣ ಸಂಗತಿಗಳನ್ನೇ. ಸಕ್ಷನ್ ಮಾಡುವ ಮೊದಲು, “ಅಜ್ಜಾ, ಕಫ ತೆಗೀತೀನಿ, ಕೆಮ್ಮು ಬರುತ್ತೆ, ಬೇಗ ಮುಗಿಸ್ತೀನಿ” ಅನ್ನಬೇಕು. ಪ್ರಜ್ಞೆ ಇಲ್ಲದಂತೆ ಕಂಡವರಿಗೂ ಹೇಳಬೇಕು, ಕೆಲವರಿಗೆ ಕೇಳಿಸುತ್ತಿರುತ್ತದೆ. ಹೌದು ಅಂದರೆ ಒಂದು ಸಲ ಕಣ್ಣು ಮುಚ್ಚುವುದು, ಇಲ್ಲ ಅಂದರೆ ಎರಡು ಸಲ. ಓದು ಬರದವರಿಗೆ ನೋವು, ಬಾಯಾರಿಕೆ, ಬೆನ್ನು, ಮನೆಯವರು ಅಂತ ಚಿತ್ರ ಬರೆದ ಹಲಗೆ ಇಟ್ಟಿದ್ದೇವೆ. ಕಾಲೇಜಲ್ಲಿ ಇದನ್ನೆಲ್ಲ ಇಂಗ್ಲಿಷಲ್ಲಿ ಓದಿರುತ್ತಾರೆ. ಹರಪನಹಳ್ಳಿ ಅಜ್ಜಿಗೆ ಅದೇ ಮಾತು ಕನ್ನಡದಲ್ಲಿ ಹೇಳಲು ಹೋದರೆ ನಾಲಿಗೆ ತಡವರಿಸುತ್ತದೆ. ಅದಕ್ಕೇ ಅಭ್ಯಾಸವೆಲ್ಲ ಕನ್ನಡದಲ್ಲೇ.

ಮನೆಯವರ ಜೊತೆ ಮಾತು ಇನ್ನೂ ಕಷ್ಟ. “ಅಪ್ಪ ಹುಷಾರಾಗ್ತಾರಾ ಸಿಸ್ಟರ್?” ಅಂದರೆ ನಮ್ಮ ಬಾಯಲ್ಲಿ ಬರುವುದು ಎರಡೇ ಉತ್ತರ: “ಏನೂ ಆಗಲ್ಲ ಬಿಡಿ” ಅಥವಾ “ಡಾಕ್ಟರ್‌ನ ಕೇಳಿ”. ಮೊದಲನೆಯದು ಸುಳ್ಳಾಗಬಹುದು, ಎರಡನೆಯದು ಬಾಗಿಲು ಹಾಕಿದ ಹಾಗೆ. ಕ್ಯಾನ್ಸರ್ ಡಾಕ್ಟರುಗಳಿಗಾಗಿ 2000ದಲ್ಲಿ ಬಂದ ಕೆಟ್ಟ ಸುದ್ದಿ ಹೇಗೆ ಹೇಳಬೇಕು ಅನ್ನುವ ಸ್ಪೈಕ್ಸ್ ಎಂಬ ಆರು ಹಂತದ ಕ್ರಮದಿಂದ ನಾನು ಎರಡನ್ನು ತೆಗೆದುಕೊಂಡೆ: ಕೂತು ಮಾತಾಡುವುದು, ಅವರಿಗೆ ಎಷ್ಟು ಗೊತ್ತು ಅಂತ ಮೊದಲು ಕೇಳುವುದು. “ಇಲ್ಲಿವರೆಗೆ ನಿಮಗೇನು ಹೇಳಿದ್ದಾರೆ?” ಅಂದರೆ ಸಾಕು, ಎದೆಯಲ್ಲಿದ್ದದ್ದು ಹೊರಗೆ ಬರುತ್ತದೆ. ಆಮೇಲೆ ಡಾಕ್ಟರನ್ನು ಕರೆಸಿ, ಅವರು ಮಾತಾಡುವಾಗ ನಾವೂ ಪಕ್ಕದಲ್ಲಿ ಇರಬೇಕು.

“ಮಿಷನ್ ತೆಗೆದುಬಿಡಿ, ದುಡ್ಡು ಮುಗೀತು” ಅಂತ ಮಗ ಅತ್ತಾಗ ಏನು ಹೇಳೋದು? ಆಗ ಅರುಣಾ ಶಾನಭಾಗ್ ವಿಷಯ ಎತ್ತುತ್ತೇನೆ. ಉತ್ತರ ಕನ್ನಡದ ಹಳದೀಪುರದಿಂದ ಹೋದ ನರ್ಸ್. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ 1973ರಲ್ಲಿ ಅವರ ಮೇಲೆ ಹಲ್ಲೆ ಆಯಿತು, ಆಮೇಲೆ ಅವರಿಗೆ ಪೂರ್ತಿ ಪ್ರಜ್ಞೆ ಮರಳಲೇ ಇಲ್ಲ. 2015ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ನರ್ಸ್‌ಗಳೇ ನೋಡಿಕೊಂಡರು. ಹುಷಾರಾಗುವ ಆಸೆಯೇ ಇಲ್ಲದವರ ಚಿಕಿತ್ಸೆ ನಿಲ್ಲಿಸುವುದಕ್ಕೆ 2018ರಲ್ಲಿ ಸುಪ್ರೀಂ ಕೋರ್ಟ್ ದಾರಿ ಹೇಳಿತು, 2023ರಲ್ಲಿ ಸರಳ ಮಾಡಿತು. ಆದರೂ ಅದು ವೈದ್ಯರ ಎರಡು ಮಂಡಳಿ ಒಪ್ಪಬೇಕಾದ ವಿಷಯ, ಒಬ್ಬ ನರ್ಸ್ ಹೊರಬೇಕಾದ ಹೊರೆ ಅಲ್ಲ. ಇದನ್ನು ಕೇಳಿದಾಗ ಹುಡುಗಿಯರ ಮುಖ ಹಗುರಾಗುವುದನ್ನು ನೋಡಿದ್ದೇನೆ. ಕೆಲವರು ಅಲ್ಲೇ ಅಳುತ್ತಾರೆ. ಅಳಲಿ ಅಂತ ಬಿಡುತ್ತೇನೆ, ಪಾಠ ಕಾಯುತ್ತದೆ.

ಮುಂದಿನ ಶನಿವಾರ ಆಯಾಗಳನ್ನೂ ವಾರ್ಡ್ ಬಾಯ್‌ಗಳನ್ನೂ ಕೂರಿಸುತ್ತಿದ್ದೇನೆ. ರೋಗಿಯನ್ನು ಮಗ್ಗುಲು ತಿರುಗಿಸುವಾಗ, ಬೆಡ್‌ಶೀಟ್ ಎಳೆದು ಸರಿ ಮಾಡುವಾಗ ಜೊತೆಗಿರುವವರು ಅವರೇ ಅಲ್ವಾ.