ಯುಎಕ್ಸ್ ಕೆಲಸಕ್ಕೆ ವಾಪಸ್ ಹೋಗ್ಲಾ ಬೇಡ್ವಾ, ನಾನು ಹೇಗೆ ಡಿಸೈಡ್ ಮಾಡ್ದೆ

ಬೆಂಗಳೂರಲ್ಲಿ ಯುಎಕ್ಸ್ ಡಿಸೈನರ್ ಆಗಿದ್ದೆ, ಅಂದ್ರೆ ಆ್ಯಪ್, ವೆಬ್‌ಸೈಟ್‌ಗಳನ್ನ ಜನ ಸುಲಭವಾಗಿ ಬಳಸೋ ಹಾಗೆ ರೂಪಿಸೋ ಕೆಲಸ. ಅಪ್ಪಂಗೆ ಹುಷಾರು ತಪ್ಪಿದಾಗ ಕೆಲಸ ಬಿಟ್ಟು ಮೈಸೂರಿಗೆ ಬಂದೆ. ಈಗ ಅಪ್ಪ ಓಡಾಡ್ಕೊಂಡಿದಾರೆ. ಹಳೇ ಟೀಮ್ ಲೀಡ್ ಫೋನ್ ಮಾಡಿ ಕಾಂಟ್ರ್ಯಾಕ್ಟ್ ಕೆಲಸ ಇದೆ, ಬರ್ತೀಯಾ ಅಂದಾಗ ತಕ್ಷಣ ಹೂಂ ಅನ್ನೋಕಾಗ್ಲಿಲ್ಲ. ನಾನು ಬಿಟ್ಟಾಗ ನಮ್ಮ ಟೀಮಲ್ಲಿ ಎಲ್ಲಾ ಸ್ಕೆಚ್ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲೇ ನಡೀತಿತ್ತು, ಈಗ ಎಲ್ಲಿ ನೋಡಿದ್ರೂ ಫಿಗ್ಮಾ ಅನ್ನೋ ಇನ್ನೊಂದು ಡಿಸೈನ್ ಟೂಲ್, ಸಾಲ್ದು ಅಂತ ಎಐಗೆ ಎರಡು ಸಾಲು ಹೇಳಿದ್ರೆ ಸ್ಕ್ರೀನೇ ಮಾಡ್ಕೊಡತ್ತೆ.

ಮೊದ್ಲು ಫಿಗ್ಮಾ ಫ್ರೀ ಪ್ಲ್ಯಾನ್ ತಗೊಂಡು ಕೂತೆ. ಒಳಗಿನ ಅಕ್ಷರಕ್ಕೆ ತಕ್ಕ ಹಾಗೆ ಬಾಕ್ಸ್ ತಾನೇ ಹಿಗ್ಗೋ ಆಟೋ ಲೇಔಟ್ 2019ರ ಕೊನೇಲಿ ಬಂದಿದ್ದು, ಬಣ್ಣ, ಅಳತೆಗೆಲ್ಲ ಹೆಸರಿಟ್ಟು ಎಲ್ಲಾ ಕಡೆ ಬಳಸೋ ವೇರಿಯಬಲ್ಸ್ 2023ರಲ್ಲಿ, ಎರಡೂ ನಂಗೆ ಹೊಸದು. ಹಳೇ ಸ್ಕ್ರೀನ್ ಒಂದನ್ನ ಬುಡದಿಂದ ಕಟ್ತಾ ಹೋದ ಹಾಗೆ ಕೈ ಪಳಗ್ತು. ಟೂಲ್ ಬರಲ್ಲ ಅಂತ ಯಾರೂ ಹಿಂದೇಟು ಹಾಕ್ಬೇಡಿ. ಆದ್ರೆ ಈ ಕೆಲಸ ನಂಗೆ ಇನ್ನೂ ಬೇಕಾ ಅನ್ನೋದು ಫಿಗ್ಮಾ ಮುಂದೆ ಕೂತ್ರೆ ಗೊತ್ತಾಗಲ್ಲ.

ಅದಕ್ಕೇ ಜನರ ಹತ್ರ ಹೋದೆ. ಒಂದು ಡಿಸೈನನ್ನ ಐದು ಜನರ ಜೊತೆ ಟೆಸ್ಟ್ ಮಾಡಿದ್ರೆ ಬಹುಪಾಲು ತೊಂದ್ರೆ ಕಾಣತ್ತೆ ಅಂತ ಈ ಕ್ಷೇತ್ರದ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ರು. ನಮ್ಮ ಬೀದೀಲೇ ಐದು ಜನ ಸಿಕ್ಕಿದ್ರು. ಬಿಲ್ ಕಟ್ಟೋ ಆ್ಯಪ್ ಒಂದರ ಸ್ಕ್ರೀನ್‌ಗಳನ್ನ ಕನ್ನಡದಲ್ಲೇ ಪ್ರೋಟೋಟೈಪ್, ಅಂದ್ರೆ ಒತ್ತಿ ನೋಡೋ ಮಾದರಿ, ಮಾಡಿ ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ನೆ ಕೂತೆ. ಹೂ ಮಾರೋ ಅಮ್ಮ ಒಬ್ರು ಪೇಮೆಂಟ್ ಫೇಲ್ ಆಗೋ ಸ್ಕ್ರೀನ್ ತನಕ ಬಂದ್ರು. ಅಲ್ಲಿ 'ಮತ್ತೊಮ್ಮೆ ಪ್ರಯತ್ನಿಸಿ' ಅಂತ ಬಟನ್, ಆ್ಯಪಲ್ಲಿ ಇರೋ ಹಾಗೇ ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ್ದು, ಒತ್ತಕ್ಷರಗಳೆಲ್ಲ ಕೆಳಗಡೆ ಕಟ್ ಆಗಿದ್ವು. ಮೊಬೈಲ್ ಹತ್ರ ಹಿಡಿದು ದೂರ ಹಿಡಿದು ನೋಡಿ, 'ಒತ್ತಿದ್ರೆ ಇನ್ನೊಂದ್ಸಲ ದುಡ್ಡು ಹೋಗ್ಬುಡ್ತದಾ ಕಣವ್ವಾ?' ಅಂತ ಬೆರಳು ಹಿಂದಕ್ಕೆ ತಗೊಂಡ್ರು.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಎದ್ದು ಕೂತು ಒತ್ತಕ್ಷರ ಕಟ್ ಆಗದ ಹಾಗೆ ಲೈನ್ ಹೈಟ್ (ಸಾಲಿನ ಎತ್ತರ) ಜಾಸ್ತಿ ಮಾಡ್ದೆ, ಆದ್ರೆ ಅಷ್ಟಕ್ಕೇ ಮುಗಿಯಲ್ಲ, ಆ ಅಮ್ಮಂಗೆ ಬೇಕಿದ್ದಿದ್ದು ದುಡ್ಡಿನ ಸುದ್ದಿ, ಹಂಗಾಗಿ ದುಡ್ಡು ಹೋಗಿದೆ, ಹೋಗಿಲ್ಲ, ಬ್ಯಾಂಕಿಂದ ಇನ್ನೂ ಉತ್ತರ ಬಂದಿಲ್ಲ ಅಂತ ಮೂರು ಬೇರೆ ಬೇರೆ ಸ್ಕ್ರೀನ್ ಮಾಡ್ದೆ, ಉತ್ತರ ಬರೋ ತನಕ ಆ ಬಟನ್ನೇ ಕಾಣಲ್ಲ. ಮತ್ತೆ ತೋರಿಸಿದಾಗ ಅಮ್ಮ 'ಹೋಗಿಲ್ಲ' ಅಂತ ಜೋರಾಗಿ ಓದಿ ಆಮೇಲೆ ಬಟನ್ ಒತ್ತಿದ್ರು. ಎಐ ಚೆಂದದ ಸ್ಕ್ರೀನ್ ಕೊಡ್ಲಿ, ಈ ಭಯ ಕಾಣ್ಬೇಕಂದ್ರೆ ಪಕ್ಕದಲ್ಲಿ ಯಾರಾದ್ರೂ ಕೂರ್ಲೇಬೇಕು, ನಂಗೆ ಹಾಗೆ ಕೂರೋದು ತುಂಬಾ ಇಷ್ಟ.

ಲೀಡ್‌ಗೆ ಫೋನ್ ಮಾಡಿ ಹೇಳ್ದೆ: ಬರೀ ಸ್ಕ್ರೀನ್ ಹೊಡೆಯೋ ಕೆಲಸ ಬೇಡ, ರಿಸರ್ಚ್ ಮತ್ತೆ ಕನ್ನಡದ ಸ್ಕ್ರೀನ್‌ಗಳು ಕೊಡಿ, ಮೈಸೂರಿಂದಲೇ ಮಾಡ್ತೀನಿ. ಒಪ್ಕೊಂಡ್ರು. ಹಳೇ ಪ್ರಾಜೆಕ್ಟ್‌ಗಳೆಲ್ಲ ಎನ್‌ಡಿಎ, ಅಂದ್ರೆ ಹೊರಗೆ ತೋರಿಸಬಾರದು ಅನ್ನೋ ಒಪ್ಪಂದದ ಅಡಿ ಇರೋದ್ರಿಂದ ಪೋರ್ಟ್‌ಫೋಲಿಯೋಗೂ ಆ ಮೂರು ಸ್ಕ್ರೀನ್‌ನೇ ಹಾಕಿದೀನಿ.